ಗುಡ್ಡದೂರಿನಲ್ಲಿ ನಡೆಯಲು ಹೊರಟಿದ್ದೀರಾ? ಮೊದಲು ಹಳ್ಳದ ಬಗ್ಗೆ ಕೇಳಿ

ಗುಡ್ಡಗಾಡಿನ ಊರಿನಲ್ಲಿ ಉಳಿದುಕೊಂಡು, ಸುತ್ತಮುತ್ತಲ ಜಾಗಗಳನ್ನು ನಡೆದೇ ನೋಡೋಣ ಅಂದುಕೊಂಡವರು ದಯವಿಟ್ಟು ಇದನ್ನು ಓದಿ. ಮಕ್ಕಳನ್ನು ಕರೆದುಕೊಂಡು ಹೋಗುವವರಂತೂ ಓದಲೇಬೇಕು. ತಂಗುವ ಜಾಗದಲ್ಲಿ ಕೊಟ್ಟ ಒಂದು ಹಾಳೆಯನ್ನು ನಂಬಿ ಹೊರಟವರಲ್ಲಿ ಒಬ್ಬರು ನಮ್ಮ ಕಣ್ಣೆದುರೇ ಕೊಚ್ಚಿ ಹೋದರು. ಬದುಕಿ ಬಂದರು, ಅದೇ ಪುಣ್ಯ.

ಹಾಳೆಯಲ್ಲಿದ್ದದ್ದು ಕೈಯಲ್ಲಿ ಬರೆದ ನಕ್ಷೆಯ ಜೆರಾಕ್ಸ್. ಊರಿನ ಹಿಂದಿನ ಗುಡ್ಡ, ಜಲಪಾತ, ಸೂರ್ಯಾಸ್ತ ನೋಡುವ ಬಂಡೆ, ಸುತ್ತು ಹಾಕಿ ಮತ್ತೆ ಊರು. ಕೆಳಗೆ ಬರೆದಿದ್ದರು: 10 ಕಿಲೋಮೀಟರ್, 2 ಗಂಟೆ, ಸುಲಭ, ಮಕ್ಕಳೂ ಹೋಗಬಹುದು. ಎಲ್ಲೆಲ್ಲಿ ಫೋಟೋ ತೆಗೆಯಬೇಕು ಅಂತಲೂ ಗುರುತು ಮಾಡಿದ್ದರು. ಎಷ್ಟು ಎತ್ತರ ಹತ್ತಬೇಕು ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ.

ಗುಡ್ಡದಲ್ಲಿ ಬರೀ ಕಿಲೋಮೀಟರ್ ಹೇಳಿದರೆ ಏನೂ ಹೇಳಿದಂತಲ್ಲ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಇದಕ್ಕೊಂದು ಲೆಕ್ಕ ಹಾಕಿಕೊಟ್ಟಿದ್ದಾರೆ. ಈಗಿನ ಅಳತೆಯಲ್ಲಿ ಅದು 5 ಕಿಲೋಮೀಟರಿಗೆ 1 ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಯಲ್ಲಿ ಒಟ್ಟು ಏರು ಸುಮಾರು 750 ಮೀಟರ್ ಇತ್ತು. ಅಂದರೆ ಮೂರೂಕಾಲು ಗಂಟೆ. ಅದೂ ಗಟ್ಟಿಮುಟ್ಟಾದ ದೊಡ್ಡವರು ಎಲ್ಲೂ ನಿಲ್ಲದೆ ನಡೆದರೆ. ಹಾಳೆ ಬರೆದವರು ಸಮತಟ್ಟು ನೆಲದ ಲೆಕ್ಕವನ್ನೇ ಹಾಕಿದ್ದರು. ಅಕ್ಕನ ಮಗಳು ಜೊತೆಗಿದ್ದಳು. ನೀರು ಕುಡಿಯೋಕೆ, ಕೂರೋಕೆ, ನೋಡೋಕೆ ಅಂತ ನಿಲ್ಲುತ್ತಾ ಹೋದ ನಮಗೆ ಸೂರ್ಯಾಸ್ತದ ಬಂಡೆ ತಲುಪುವಷ್ಟರಲ್ಲೇ ಎರಡು ಗಂಟೆ ಮುಗಿದು ಎಷ್ಟೋ ಹೊತ್ತಾಗಿತ್ತು.

ಸಮಯದ ಲೆಕ್ಕ ತಪ್ಪಿದರೆ ಕಾಲು ನೋಯುತ್ತದೆ, ಕತ್ತಲಾಗುತ್ತದೆ, ಅಷ್ಟೇ. ಜೀವಕ್ಕೆ ಬಂದದ್ದು ಹಳ್ಳ.

ನಕ್ಷೆಯಲ್ಲಿ ದಾರಿ ಒಂದೇ ಹಳ್ಳವನ್ನು ಎರಡು ಕಡೆ ದಾಟುತ್ತಿತ್ತು. ಎರಡೂ ಕಡೆ ಕಾಲುಸಂಕ ಬರೆದಿದ್ದರು. ಮೊದಲನೆಯ ಕಡೆ ಸಂಕದ ಜಾಗದಲ್ಲಿ ಎರಡು ಕಲ್ಲಿನ ಕಂಬ ಮಾತ್ರ ನಿಂತಿದ್ದವು. ಹಿಂದಿನ ಮಳೆಗಾಲದಲ್ಲೇ ಸಂಕ ಹೋಗಿತ್ತಂತೆ, ನಮಗೆ ಗೊತ್ತಾಗಿದ್ದು ಆಮೇಲೆ. ಆಗ ನೀರು ಪಾದ ಮುಳುಗುವಷ್ಟಿತ್ತು. ತಳದ ಕಲ್ಲುಗಳೆಲ್ಲ ಕಾಣುತ್ತಿದ್ದವು. ದಾಟಿ ಹೋದೆವು. ಜಲಪಾತ ನಿಜಕ್ಕೂ ಚೆನ್ನಾಗಿತ್ತು, ಅದನ್ನು ಇಲ್ಲ ಅನ್ನೋಕಾಗಲ್ಲ.

ವಾಪಸ್ ಬರುವಾಗ ನಮ್ಮ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ದೂರದ ಗುಡ್ಡಸಾಲಿನ ಮೇಲೆ ಮಾತ್ರ ಕಪ್ಪು ಮೋಡ ಕವಿದಿತ್ತು. ಎರಡನೆಯ ದಾಟುವ ಜಾಗಕ್ಕೆ ಇಳಿದು ನೋಡಿದರೆ ಎದೆ ಧಸಕ್ ಅಂತು. ಸಂಕ ಅಲ್ಲೂ ಇಲ್ಲ. ನೀರು ಕೆಂಪಗೆ ತಿರುಗಿ ಮೊಣಕಾಲಿಗಿಂತ ಮೇಲೆ ಬಂದಿತ್ತು. ಹಸಿ ಎಲೆ, ಕಡ್ಡಿ, ಮುರಿದ ಕೊಂಬೆಗಳು ತೇಲಿ ಬರುತ್ತಿದ್ದವು. ನೀರಿನ ಸದ್ದಿನ ಒಳಗಿಂದ ಕಟ್ ಕಟ್ ಅಂತ ಇನ್ನೊಂದು ಸದ್ದು. ತಳದಲ್ಲಿ ಕಲ್ಲುಗಳು ಉರುಳಿಕೊಂಡು ಒಂದಕ್ಕೊಂದು ಬಡಿಯುತ್ತಿದ್ದವು. ಈ ಸದ್ದು ಕಿವಿಗೆ ಬಿದ್ದರೆ ನೀರಿಗೆ ಕಾಲಿಡಲೇಬೇಡಿ.

ನಮ್ಮ ಜೊತೆಗೇ ಅಲ್ಲಿಗೆ ಇನ್ನಿಬ್ಬರು ಬಂದರು. ಅವರ ಕೈಯಲ್ಲೂ ಅದೇ ಹಾಳೆ. ಊರು ಆಚೆ ದಡದಲ್ಲೇ, ಹದಿನೈದು ನಿಮಿಷದ ದಾರಿ ಅಂತ ಅದರಲ್ಲಿತ್ತು. ಬೇಡ ಅಂದರೂ ಒಬ್ಬರು ಇಳಿದುಬಿಟ್ಟರು. ಬೆನ್ನಿನ ಚೀಲದ ಸೊಂಟದ ಪಟ್ಟಿ, ಎದೆಯ ಪಟ್ಟಿ ಎರಡೂ ಬಿಗಿದಿದ್ದವು. ನಡುಮಧ್ಯೆ ಕಾಲು ಎತ್ತಿ ಇಡುವಾಗ ಬಿದ್ದರು. ಚೀಲದೊಳಗೆ ನೀರು ತುಂಬಿ ಅವರನ್ನು ಮಗುಚಿ ಹಾಕಿತು. ತಲೆ ಮೇಲೆ ಬರಲೇ ಇಲ್ಲ. ಕೆಳಗೆ ನಮ್ಮ ದಡದ ಕಡೆ ಒಂದು ಮರದ ಬೇರು ನೀರಿಗೆ ಚಾಚಿಕೊಂಡಿತ್ತು, ಚೀಲದ ಪಟ್ಟಿ ಅದಕ್ಕೆ ಸಿಕ್ಕಿಕೊಂಡಿತು. ಅವರ ಗೆಳೆಯ ಮತ್ತು ನಾನು ದಡದ ಮೇಲೆ ಮಲಗಿ ಎಳೆದುಕೊಂಡೆವು. ಭುಜ ಜಾರಿತ್ತು, ಹಣೆ ಒಡೆದಿತ್ತು. ಅಕ್ಕನ ಮಗಳು ಒಂದು ಮಾತೂ ಆಡದೆ ಇದನ್ನೆಲ್ಲ ನೋಡುತ್ತಾ ನಿಂತಿದ್ದಳು. ಈಗಲೂ ಅವಳು ಹರಿಯುವ ನೀರಿನ ಹತ್ತಿರ ಹೋಗೋದಿಲ್ಲ. ನನಗೆ ಸಂಕಟ ಆಗೋದು ಅದಕ್ಕೇ ಜಾಸ್ತಿ.

ಹರಿಯುವ ನೀರನ್ನು ಆಳ ನೋಡಿ ಅಳೆಯಬಾರದು. ರಭಸದ ನೀರು ಬರೀ 15 ಸೆಂಟಿಮೀಟರ್ ಇದ್ದರೂ ದೊಡ್ಡವರ ಕಾಲು ತಪ್ಪಿಸಬಹುದು. ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮಳೆ ನಮ್ಮ ಮೇಲೇ ಬೀಳಬೇಕು ಅಂತಲೂ ಇಲ್ಲ. ಮೇಲಿನ ಗುಡ್ಡದ ಎಲ್ಲ ಮಗ್ಗುಲುಗಳಿಂದ ಇಳಿಯುವ ನೀರು ಒಂದೇ ಕಿರಿದಾದ ಕಣಿವೆಗೆ ಬಂದು ಸೇರುತ್ತದೆ, ಬಿಸಿಲಿದ್ದ ಜಾಗದಲ್ಲೂ ನೋಡನೋಡುತ್ತಲೇ ಏರಿಬಿಡುತ್ತದೆ.

ಫೋನಿಗೆ ಸಿಗ್ನಲ್ ಇರಲಿಲ್ಲ. ಅಕ್ಕನ ಚೀಲದಲ್ಲಿ ಸೀಟಿ ಇತ್ತು. ನಿಮಿಷದಲ್ಲಿ ಆರು ಸಲ ಊದುವುದು, ಒಂದು ನಿಮಿಷ ಸುಮ್ನಿರುವುದು, ಮತ್ತೆ ಆರು ಸಲ. ಬೆಟ್ಟಗಳಲ್ಲಿ ಸಹಾಯ ಕೇಳುವ ಗುರುತು ಇದು. ಕತ್ತಲಾದ ಮೇಲೆ ಟಾರ್ಚನ್ನೂ ಹೀಗೇ ಮಿನುಗಿಸಬಹುದು. ನಮ್ಮ ಸದ್ದು ಕೇಳಿ ಆಚೆ ದಡಕ್ಕೆ ಬಂದವರು ದನ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಹಿರಿಯರು. ಇಳಿಯಬೇಡಿ ಅಂತ ಎರಡೂ ಕೈ ಬೀಸಿ ತಡೆದರು, ಆಮೇಲೆ ಹಳ್ಳದ ಮೇಲ್ಗಡೆಗೆ ಬೆರಳು ತೋರಿಸಿದರು. ನಮ್ಮ ದಡದಲ್ಲೇ ಮೇಲಕ್ಕೆ ನಡೆದರೆ ಗಾಡಿ ರಸ್ತೆಯ ದೊಡ್ಡ ಸೇತುವೆ ಇತ್ತು. ಗಾಯ ಆದವರನ್ನು ನಡೆಸಿಕೊಂಡು, ಟಾರ್ಚ್ ಬೆಳಕಿನಲ್ಲಿ ಅಲ್ಲಿಗೆ ಮುಟ್ಟಿದೆವು. ಫೋಟೋ ಜಾಗಗಳನ್ನೆಲ್ಲ ತೋರಿಸಿದ ನಕ್ಷೆಯಲ್ಲಿ ಈ ಸೇತುವೆ ಇರಲಿಲ್ಲ.

ಮರುದಿನ ಹಾಳೆ ಕೊಟ್ಟವರಿಗೆ ಎಲ್ಲ ಹೇಳಿದೆವು. "ಎಲ್ಲರೂ ಹೋಗ್ತಾರೆ, ಇಲ್ಲಿವರೆಗೆ ಏನೂ ಆಗಿಲ್ಲ" ಅಂದರು. ನಾವು ಹೊರಡುವಾಗಲೂ ಹೊಸದಾಗಿ ಬಂದವರಿಗೆ ಅದೇ ಹಾಳೆ ಕೊಡುತ್ತಿದ್ದರು. ಅವರನ್ನು ನಿಲ್ಲಿಸಿ ವಿಷಯ ತಿಳಿಸಿದೆವು. ಉಳಿದವರಿಗೆ ಯಾರು ಹೇಳಬೇಕು?

ಅದಕ್ಕೇ ಹೇಳುತ್ತಿದ್ದೇನೆ. ಹೊರಡುವ ಮೊದಲು ಊರಿನಲ್ಲಿ ದನ ಮೇಯಿಸುವವರನ್ನೋ, ಹೊಲಕ್ಕೆ ಹೋಗುವವರನ್ನೋ ಮಾತಾಡಿಸಿ. ದಾರಿ ಎಲ್ಲಿ ಹಳ್ಳ ದಾಟುತ್ತದೆ, ಸಂಕ ಈಗಲೂ ಇದೆಯಾ, ನೀರು ಬಂದರೆ ಬೇರೆ ದಾರಿ ಯಾವುದು ಅಂತ ಕೇಳಿ. ಫೋನಿನ ಜಿಪಿಎಸ್‌ಗೆ ಸಿಗ್ನಲ್ ಬೇಕಿಲ್ಲ, ಆದರೆ ನಕ್ಷೆ ಮೊದಲೇ ಇಳಿಸಿಕೊಂಡಿರಬೇಕು. ಅದರಲ್ಲಿ ಎತ್ತರದ ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಕಡಿದಾದ ಏರಿದೆ ಅಂತ ಅರ್ಥ. ಶಾಂತವಾದ ನೀರನ್ನು ದಾಟುವಾಗಲೂ ಚೀಲದ ಪಟ್ಟಿಗಳನ್ನು ಬಿಚ್ಚಿಕೊಳ್ಳಿ, ಶೂ ಕಳಚಬೇಡಿ, ಅಗಲವಾಗಿ ಹರಡಿಕೊಂಡ ಜಾಗ ಹುಡುಕಿ. ಜಲಪಾತದ ನೆತ್ತಿಯ ಹತ್ತಿರ ಮಾತ್ರ ಯಾವತ್ತೂ ದಾಟಬೇಡಿ.

ಆಚೆ ದಡದಲ್ಲಿ ಸಿಕ್ಕಿಹಾಕಿಕೊಂಡರೆ ನೀರಿನಿಂದ ದೂರ, ಎತ್ತರದ ಜಾಗಕ್ಕೆ ಹೋಗಿ ಕೂತುಕೊಳ್ಳಿ. ಒದ್ದೆ ಬಟ್ಟೆ ಬದಲಾಯಿಸಿ, ಮಕ್ಕಳನ್ನು ಬೆಚ್ಚಗಿಡಿ. ಮಳೆ ನಿಂತ ಮೇಲೆ ಸಣ್ಣ ಹಳ್ಳ ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ರಾತ್ರಿ ಅಲ್ಲೇ ಕಳೆಯಿರಿ.