ಹತ್ತು ಪೌಂಡಿನ ತಕ್ಕಡಿ, ಏಳುನೂರು ವರ್ಷದ ಪೆನ್ನಿ: ನಾಲ್ಕು ವರ್ಷ ಬಳಸಿದ ಮೇಲೆ

ಮೆಟಲ್ ಡಿಟೆಕ್ಟರ್‌ಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಅದರ ಜೊತೆ ನನ್ನ ಜೇಬಲ್ಲಿ ಇರುವ ಪುಟ್ಟ ಡಿಜಿಟಲ್ ತಕ್ಕಡಿಯ ಬಗ್ಗೆ. ಅಂಗೈಯಷ್ಟು ಅಗಲ, 0.01 ಗ್ರಾಂವರೆಗೆ ತೋರಿಸುತ್ತದೆ. ಮೇಲೆ ಕಂಪನಿ ಹೆಸರೂ ಇಲ್ಲ. ಆನ್‌ಲೈನ್‌ನಲ್ಲಿ ಸುಮಾರು 10 ಪೌಂಡ್ ಕೊಟ್ಟು ತರಿಸಿದ್ದೆ. ಉಳಿದ ವಿವರವೆಲ್ಲ ಡಬ್ಬಿ ಮೇಲೇ ಇರುತ್ತದೆ.

ನಮ್ಮ ಮನೆ ಇಂಗ್ಲೆಂಡಿನ ಸಫೋಕ್‌ನಲ್ಲಿ. ಸುತ್ತ ಗೋಧಿ, ಬಾರ್ಲಿ ಹೊಲಗಳು. ಕೊಯ್ಲು ಮುಗಿದು ಮತ್ತೆ ಬಿತ್ತುವವರೆಗೆ ಕೆಲವು ವಾರ ಸಿಗುತ್ತದೆ. ಹೊಲದ ಯಜಮಾನರ ಒಪ್ಪಿಗೆ ಪಡೆದು ಆಗ ಡಿಟೆಕ್ಟರ್ ಹಿಡಿದು ಹಳೇ ವಸ್ತು ಹುಡುಕಲು ಹೋಗುತ್ತೇನೆ. ಹೆಚ್ಚಿನ ದಿನ ಸಿಗುವುದು ಸೀಸದ ಚೂರು, ಗುಂಡಿ, ಟ್ರ್ಯಾಕ್ಟರಿನ ನಟ್ಟು. ಯಾವಾಗಲೋ ಒಮ್ಮೆ ಮಣ್ಣಿನಿಂದ ಒಂದು ತೆಳ್ಳನೆ ಬೆಳ್ಳಿ ಬಿಲ್ಲೆ ಹೊರಗೆ ಬರುತ್ತದೆ, ಹಳೇ ಕಾಲದ ಪೆನ್ನಿ ನಾಣ್ಯ. ನಮ್ಮ ಉಗುರಿಗಿಂತ ಸ್ವಲ್ಪ ದೊಡ್ಡದು. ಒಂದು ಕಡೆ ರಾಜನ ಮುಖ, ಇನ್ನೊಂದು ಕಡೆ ಶಿಲುಬೆ. ಯಾವ ರಾಜ ಅಂತ ಹೇಳುವುದು ಸುಲಭ ಅಲ್ಲ. ಮುಖ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಅದು ಯಾರ ನಿಜ ಮುಖವೂ ಅಲ್ಲ, ಬರೀ ರಾಜ ಅನ್ನುವ ಗುರುತು. ಹೆಸರನ್ನಾದರೂ ಓದೋಣ ಅಂದರೆ, 1180ರಿಂದ 1247ರವರೆಗೆ ಬಂದ ಸಣ್ಣ ಶಿಲುಬೆಯ ಪೆನ್ನಿಗಳಲ್ಲಿ ರಿಚರ್ಡ್ ಆಳುವಾಗಲೂ, ಜಾನ್ ಆಳುವಾಗಲೂ ‘ಹೆನ್ರಿ’ ಅಂತಲೇ ಬರೆದಿದೆ.

ಇಲ್ಲೇ ತಕ್ಕಡಿ ಕೈ ಹಿಡಿಯಿತು. ತಂದಾಗ ಇದರಿಂದ ಇಷ್ಟು ಉಪಯೋಗ ಆಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಇಂಗ್ಲೆಂಡಿನ ಪೆನ್ನಿ ಕಾಲ ಕಳೆದಂತೆ ಹಗುರ ಆಗುತ್ತಾ ಹೋಯಿತು. 1279ರಲ್ಲಿ ಒಂದನೇ ಎಡ್ವರ್ಡ್ ಹೊಸ ನಾಣ್ಯ ತಂದಾಗ ಅದರ ತೂಕ ಸುಮಾರು 1.44 ಗ್ರಾಂ. ಮೂರನೇ ಎಡ್ವರ್ಡ್ 1344ರಲ್ಲಿ ಅದನ್ನು 1.32ಕ್ಕೆ ಇಳಿಸಿದ, 1351ರಲ್ಲಿ 1.17ಕ್ಕೆ. 1412ರಲ್ಲಿ 0.97. 1464ರಲ್ಲಿ, ನಾಲ್ಕನೇ ಎಡ್ವರ್ಡ್ ಕಾಲದಲ್ಲಿ, 0.78. ಎಂಟನೇ ಹೆನ್ರಿ 1526ರಲ್ಲಿ 0.69ಕ್ಕೆ ತಂದ. ಎಲಿಜಬೆತ್ ರಾಣಿಯ ಪೆನ್ನಿಯಂತೂ ಅರ್ಧ ಗ್ರಾಂ ಚಿಲ್ಲರೆ, ಊದಿದರೆ ಹಾರುವಷ್ಟು. ಈ ಸಾಲನ್ನು ಒಂದು ಚೀಟಿಯಲ್ಲಿ ಬರೆದು ತಕ್ಕಡಿಯ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದೇನೆ.

ನಮ್ಮ ತಾತ ಹಾಸನದಲ್ಲಿ ಅಕ್ಕಸಾಲಿ ಕೆಲಸ ಮಾಡುತ್ತಿದ್ದರು. ಅವರ ಪೆಟ್ಟಿಗೆಯಲ್ಲಿ ಗುಲಗಂಜಿ ಇರುತ್ತಿದ್ದವು, ಕೆಂಪು ಮೈ, ಕಪ್ಪು ತುದಿ. ಮೊದಲ ಪೆನ್ನಿ ಸಿಕ್ಕ ದಿನ ಅಮ್ಮನಿಗೆ ಫೋನ್ ಮಾಡಿ 1.44 ಗ್ರಾಂ ಲೆಕ್ಕ ಹೇಳಿದೆ. ‘ಗ್ರಾಂ ನಂಗೆ ತಿಳಿಯಲ್ಲ ಕಣೋ, ಗುಲಗಂಜಿ ಎಷ್ಟು ಹೇಳು’ ಅಂದರು. ಒಂದು ಗುಲಗಂಜಿ ಸುಮಾರು 0.12 ಗ್ರಾಂ. ಲೆಕ್ಕ ಹಾಕಿದರೆ ಸರಿಯಾಗಿ ಹನ್ನೆರಡು. ಇಲ್ಲಿಯವರೂ ಪೆನ್ನಿಯನ್ನು ಕಾಳಿನ ಲೆಕ್ಕದಲ್ಲೇ ತೂಗುತ್ತಿದ್ದರು. ಅವರ ಒಂದು ‘ಗ್ರೇನ್’ ಅಂದರೆ 0.065 ಗ್ರಾಂ, ನಮ್ಮ ಗುಲಗಂಜಿಯ ಅರ್ಧ. ಅವತ್ತಿನಿಂದ ಅಮ್ಮ ಪ್ರತಿ ಸಲ ‘ಎಷ್ಟು ಗುಲಗಂಜಿ ಬಂತು?’ ಅಂತಲೇ ಕೇಳುತ್ತಾರೆ.

ತೂಗುವುದು ನಮ್ಮ ಮನೆಯಲ್ಲಿ ಭಾನುವಾರ ಸಂಜೆಯ ಕೆಲಸ. ಕುಕ್ಕರ್ ಇಳಿಸಿದ ಮೇಲೆ ಅಡುಗೆಮನೆ ಮೇಜು ಖಾಲಿ ಮಾಡುತ್ತೇನೆ. ಒಂದು ಬಟ್ಟಲಲ್ಲಿ ಡಿಸ್ಟಿಲ್ಡ್ ವಾಟರ್, ಪಕ್ಕದಲ್ಲಿ ಹಳೇ ಪಂಚೆಯ ತುಂಡು. ಬೆಳ್ಳಿ ನಾಣ್ಯ ನೀರಲ್ಲಿ ಅರ್ಧ ಗಂಟೆ ನೆನೆದರೆ ಮಣ್ಣು ತಾನಾಗಿಯೇ ಬಿಡುತ್ತದೆ. ದಯವಿಟ್ಟು ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ತಿಕ್ಕಬೇಡಿ. ಪೂಜೆ ಸಾಮಾನು ಹೊಳೆಯುವ ಹಾಗೆ ಇದು ಹೊಳೆಯಬಾರದು. ಆಮೇಲೆ ಬಟ್ಟೆ ಮೇಲಿಟ್ಟು ಪೂರ್ತಿ ಒಣಗಲು ಬಿಡಬೇಕು. ಹಸಿ ಮಣ್ಣು ಒಂದು ಸಾಸಿವೆಯಷ್ಟು ಉಳಿದರೂ ತೂಕ ತಪ್ಪುತ್ತದೆ.

ತಕ್ಕಡಿ ಸರಿಯಾಗಿದೆಯಾ ಅಂತ ನೋಡಲು ಬೇರೆ ಬಟ್ಟು ಬೇಕಿಲ್ಲ. ಇವತ್ತಿನ ಬ್ರಿಟಿಷ್ 1 ಪೆನ್ನಿ ನಾಣ್ಯದ ತೂಕ 3.56 ಗ್ರಾಂ. ಸವೆಯದ ಒಂದನ್ನು ಡಬ್ಬಿಯಲ್ಲೇ ಇಟ್ಟಿದ್ದೇನೆ. ಮೊದಲು ಅದನ್ನು ಇಡುತ್ತೇನೆ. 3.56 ಬಂತು ಅಂದರೆ ಮುಂದಿನ ಕೆಲಸ. ಒಲೆ ಮೇಲಿನ ಫ್ಯಾನ್ ಆಫ್. ಕಿಟಕಿ ಮುಚ್ಚಿರಬೇಕು. ಮಗಳು ಅಂಕಿ ಓದುತ್ತಾಳೆ, ನಾನು ಪುಸ್ತಕದಲ್ಲಿ ಬರೆಯುತ್ತೇನೆ. ಆ ಹತ್ತು ನಿಮಿಷ ನಮ್ಮಿಬ್ಬರಿಗೂ ಬಹಳ ಇಷ್ಟ.

ಈಗ ತೊಂದರೆಯ ವಿಷಯ. ಇದು ಚಿಕ್ಕ ತೊಂದರೆ ಅಲ್ಲ.

ಎರಡನೇ ವರ್ಷದ ಚಳಿಗಾಲ. ಹೊರಗೆ ಮೂರು ಡಿಗ್ರಿ, ಗಾಳಿ ಬೇರೆ. ಬೆಚ್ಚಗಿನ ಕಾರಿನಲ್ಲಿ ಕೂತು ತಕ್ಕಡಿಯನ್ನು ಸೊನ್ನೆಗೆ ತಂದೆ. ಹಾಗೇ ಹೊಲಕ್ಕೆ ಒಯ್ದು ಅಲ್ಲೇ ಒಂದು ಪೆನ್ನಿ ತೂಗಿದೆ. 1.18 ಬಂತು. ಚೀಟಿ ನೋಡಿದರೆ ನೇರವಾಗಿ ಮೂರನೇ ಎಡ್ವರ್ಡ್, 1351ರ ನಂತರದ್ದು. ಪೊಟ್ಟಣದ ಮೇಲೆ ಹಾಗೇ ಬರೆದುಬಿಟ್ಟೆ. ಮನೆಯಲ್ಲಿ ಮತ್ತೆ ತೂಗಲೂ ಇಲ್ಲ.

ತಿಂಗಳ ನಂತರ ಅದನ್ನು ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ನಮ್ಮ ಜಿಲ್ಲೆಯ ಅಧಿಕಾರಿಗೆ ತೋರಿಸಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನರಿಗೆ ಸಿಕ್ಕ ಹಳೇ ವಸ್ತುಗಳನ್ನು ದಾಖಲಿಸುವ ವ್ಯವಸ್ಥೆ ಅದು, 1997ರಿಂದ ನಡೆಯುತ್ತಿದೆ. ಹದಿನೈದು ಲಕ್ಷಕ್ಕೂ ಹೆಚ್ಚು ವಸ್ತುಗಳ ವಿವರ ಅವರ ಹತ್ತಿರ ಇದೆ, ಯಾರು ಬೇಕಾದರೂ ನೋಡಬಹುದು. ಅವರು ಪೆನ್ನಿಯನ್ನು ಮೊದಲು ಓದಿದರು. ಅಂಚಿನ ಬರಹದ ಕೊನೆಯಲ್ಲಿ ‘ಡಿಎನ್‌ಎಸ್ ಹೈಬ್’ ಅಂತ ಇತ್ತು. ‘ಐರ್ಲೆಂಡಿನ ಒಡೆಯ’ ಅನ್ನುವುದರ ಚುಟುಕು ರೂಪ. 1351ರ ಪೆನ್ನಿಯಲ್ಲಿ ಆ ಮಾತು ಇರುವುದಿಲ್ಲ, ಅಲ್ಲಿ ‘ಎಡ್ವರ್ಡಸ್ ರೆಕ್ಸ್ ಆಂಗ್ಲಿ’ ಅಂತ ಉದ್ದ ಬರೆದಿರುತ್ತದೆ. ಆಮೇಲೆ ಅವರ ತಕ್ಕಡಿಯಲ್ಲಿ ಇಟ್ಟರು. 1.38. ನನ್ನದು ಎರಡು ದಶಾಂಶದಲ್ಲಿ ಸುಳ್ಳು ಹೇಳಿತ್ತು. 1.38 ಅಂದರೆ 1344ರ ಹಗುರ ಪೆನ್ನಿಯೂ ಆಗಲು ಕಷ್ಟ. ಕಿರೀಟ, ಅಕ್ಷರಗಳ ಆಕಾರ ನೋಡಿ ಒಂದನೇ ಎಡ್ವರ್ಡ್ ಅಂತ ತೀರ್ಮಾನ ಆಯಿತು. ಹಿಂಬದಿಯ ಬರಹ ಓದಿದಾಗ ನನಗೆ ರೋಮಾಂಚನ ಆಯಿತು. ‘ವಿಲ್ಲಾ ಸ್ಯಾಂಕ್ಟಿ ಎಡ್ಮಂಡಿ’. ನಾವು ತರಕಾರಿ ತರಲು ಹೋಗುವ ಬರಿ ಸೇಂಟ್ ಎಡ್ಮಂಡ್ಸ್ ಊರಲ್ಲೇ ಅದನ್ನು ಅಚ್ಚು ಹಾಕಿದ್ದರು.

ಆ ದಿನ ತಕ್ಕಡಿ ಮೇಲೆ ನಿಜವಾಗಿ ಸಿಟ್ಟು ಬಂತು. ಒಂದು ನಾಣ್ಯಕ್ಕೆ ಅದರ ರಾಜನನ್ನೇ ತಪ್ಪಿಸಿ, ಮುಕ್ಕಾಲು ಶತಮಾನ ಆಚೀಚೆ ಮಾಡಿ ಬರೆದಿದ್ದೆ. ದಾಖಲೆಗೆ ಹಾಗೇ ಹೋಗಿದ್ದರೆ? ಇಂಥ ಅಗ್ಗದ ತಕ್ಕಡಿಗಳ ದೊಡ್ಡ ದೋಷ ಇದೇ. ಚಳಿ, ಗಾಳಿ, ಓರೆ ನೆಲ ಮೂರೂ ಆಗಿಬರುವುದಿಲ್ಲ. ಹಾಗಂತ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಧೈರ್ಯವಾಗಿ ಒಂದು ಅಂಕಿ ತೋರಿಸುತ್ತದೆ. ಈಗ ಹೊಲದಲ್ಲಿ ತೂಗುವುದೇ ಇಲ್ಲ. ಒಂದು ನಿಮಿಷಕ್ಕೆ ತಾನಾಗಿ ಆಫ್ ಆಗುವುದು ಇನ್ನೊಂದು ಕಿರಿಕಿರಿ.

ಇನ್ನೊಂದು ಮಾತು. ತೂಕ ಜಾಸ್ತಿ ಬಂದರೆ ನಂಬಬಹುದು, ಕಡಿಮೆ ಬಂದರೆ ಹುಷಾರು. ನಾಣ್ಯ ಸವೆದು ತೂಕ ಕಳೆದುಕೊಳ್ಳುತ್ತದೆ. ಜೊತೆಗೆ ಆ ಕಾಲದವರು ಅಂಚು ಕತ್ತರಿಸಿ ಬೆಳ್ಳಿ ಕದಿಯುತ್ತಿದ್ದರು. ಅದನ್ನು ತಡೆಯಲೆಂದೇ 1247ರಲ್ಲಿ ಶಿಲುಬೆಯ ತೋಳನ್ನು ಅಂಚಿನವರೆಗೆ ಎಳೆದರು. ಹಾಗಾಗಿ 0.75 ಗ್ರಾಂನ ಪೆನ್ನಿ ನಾಲ್ಕನೇ ಎಡ್ವರ್ಡನದೂ ಇರಬಹುದು, ಯಾರೋ ಸುತ್ತ ಕತ್ತರಿಸಿದ ಅವನ ಹಿಂದಿನವರದೂ ಇರಬಹುದು. ಅಕ್ಷರಗಳ ತಲೆ ಹಾರಿಹೋಗಿದೆಯಾ ಅಂತ ಭೂತಗನ್ನಡಿಯಲ್ಲಿ ನೋಡಲೇಬೇಕು. ಹತ್ತುಪಟ್ಟು ದೊಡ್ಡದು ಮಾಡುವ ತಾತನ ಕನ್ನಡಿ ಈಗ ನನ್ನ ಹತ್ತಿರ ಇದೆ.

ತಕ್ಕಡಿ ಏನೂ ಹೇಳಲಾಗದ ಒಂದು ವಸ್ತು ಇದೆ, ಜೆಟ್ಟನ್. ನೋಡಲು ನಾಣ್ಯ, ಆದರೆ ನಾಣ್ಯ ಅಲ್ಲ. ಲೆಕ್ಕ ಹಾಕುವ ಹಿತ್ತಾಳೆ ಬಿಲ್ಲೆ. ಗೆರೆ ಎಳೆದ ಹಲಗೆ ಅಥವಾ ಬಟ್ಟೆ ಮೇಲೆ ಒಂದು, ಹತ್ತು, ನೂರರ ಮನೆಗಳಲ್ಲಿ ಇವನ್ನು ಇಟ್ಟು ಸರಿಸಿ ಕೂಡುತ್ತಿದ್ದರು, ಕಳೆಯುತ್ತಿದ್ದರು. ರೋಮನ್ ಅಂಕಿಯಲ್ಲಿ ಬರೆದು ಲೆಕ್ಕ ಮಾಡುವುದು ಅಷ್ಟು ಕಷ್ಟ. ಇದಕ್ಕೆ ಬೆಲೆ ಇಲ್ಲದ ಕಾರಣ ತೂಕಕ್ಕೆ ಕಾನೂನೂ ಇಲ್ಲ. ನನಗೆ ಸಿಕ್ಕ ಮೊದಲನೆಯದನ್ನು, ಆಗ ನಾನು ವರ್ಷದ ಚಂದಾ ಕೊಟ್ಟು ಬಳಸುತ್ತಿದ್ದ ಒಂದು ಫೋಟೋ ಆ್ಯಪ್ ‘ಚಿನ್ನದ ನಾಣ್ಯ’ ಅಂದಿತು. ಎರಡು ದಿನ ನಿದ್ದೆ ಬರಲಿಲ್ಲ. ಚಂದಾ ಮುಗಿದ ಮೇಲೆ ಆ ಆ್ಯಪ್ ಬಿಟ್ಟೆ.

ಅದು ಜರ್ಮನಿಯ ನ್ಯೂರೆಂಬರ್ಗ್‌ನ ಜೆಟ್ಟನ್. ನಡುವೆ ಗುಲಾಬಿ, ಸುತ್ತ ಮೂರು ಕಿರೀಟ, ಮೂರು ಲಿಲ್ಲಿ ಹೂ. ಹಿಂಬದಿ ಶಿಲುಬೆ ಹೊತ್ತ ಗೋಳ. ಹದಿನಾರನೇ ಶತಮಾನದಲ್ಲಿ ಆ ಊರಿನ ಕುಶಲಕರ್ಮಿಗಳು ಯುರೋಪಿನ ಬಹಳಷ್ಟು ಕಡೆಗೆ ಇವನ್ನು ಮಾಡಿ ಕಳಿಸುತ್ತಿದ್ದರು. ನನ್ನದರಲ್ಲಿ ‘ಹಾನ್ಸ್ ಕ್ರೌವಿಂಕೆಲ್’ ಅಂತ ಹೆಸರಿದೆ. 1586ರಿಂದ 1635ರವರೆಗೆ ಕೆಲಸ ಮಾಡಿದವನು. ಹಿಂಬದಿ ಜರ್ಮನ್ ಮಾತು: ‘ದೇವರ ಆಶೀರ್ವಾದವೇ ಸಿರಿ’. ಅವನ ಇನ್ನೊಂದು ಬಗೆಯಲ್ಲಿ ‘ಇವತ್ತು ಕೆಂಪು, ನಾಳೆ ಸಾವು’ ಅಂತ ಇರುತ್ತದೆ, ಇವತ್ತು ಕಳೆಕಳೆಯಾಗಿ ಇದ್ದವರು ನಾಳೆ ಇಲ್ಲ ಅನ್ನುವ ಅರ್ಥ. ಇಂಗ್ಲಿಷ್ ಜೆಟ್ಟನ್ ಇನ್ನೂ ಹಳೇದು, ಪೆನ್ನಿಯ ಅಚ್ಚಿನ ಮುಖವೇ ಅದಕ್ಕೂ. ಬೆಳ್ಳಿ ಬಳಿದು ಮೋಸ ಮಾಡಬಾರದೆಂದು ನಡುವೆ ತೂತು ಅಥವಾ ಕುಳಿ ಹೊಡೆದಿರುತ್ತಾರೆ. ಕುಳಿ ಕಂಡರೆ ತೂಗುವುದೇ ಬೇಡ.

ಇವೆಲ್ಲ ಕೊನೆಗೆ ಯಾಕೆ ಮೂಲೆ ಸೇರಿದವು ಗೊತ್ತಾ? ಸೊನ್ನೆ ಇರುವ ಭಾರತದ ಅಂಕಿಗಳು ಅರಬರ ಮೂಲಕ ಯುರೋಪಿಗೆ ಬಂದು, ಜನ ಕಾಗದದ ಮೇಲೇ ಲೆಕ್ಕ ಮಾಡಲು ಕಲಿತರು. ಆ ಹಿತ್ತಾಳೆ ಬಿಲ್ಲೆಯನ್ನು ತಕ್ಕಡಿಯಲ್ಲಿಟ್ಟಾಗ ಪರದೆ ಮೇಲೆ 1.30 ಅಂತ ಬರುತ್ತದಲ್ಲ, ಆ ಕೊನೆಯ ಸೊನ್ನೆಯನ್ನು ಮಗಳಿಗೆ ತೋರಿಸಿ ಈ ಕಥೆ ಹೇಳಿದೆ. ಅವಳು ಅದನ್ನು ಶಾಲೆಯಲ್ಲಿ ಹೇಳಿ ಬಂದಳು.

ಊರಿನ ಓದುಗರಿಗೆ ಒಂದು ಮಾತು. ಇಲ್ಲಿ ಯಜಮಾನರ ಒಪ್ಪಿಗೆ ಇದ್ದರೆ ಹುಡುಕಬಹುದು, ನಿಧಿ ಸಿಕ್ಕರೆ 14 ದಿನದಲ್ಲಿ ತಿಳಿಸಬೇಕು. ನಮ್ಮಲ್ಲಿ ಹಾಗಲ್ಲ. 1878ರ ನಿಧಿ ಕಾನೂನು ಇದೆ, ಸ್ಮಾರಕಗಳ ಕಾನೂನು ಬೇರೆ ಇದೆ. ಹಂಪಿಯಂಥ ಜಾಗಕ್ಕೆ ಡಿಟೆಕ್ಟರ್ ಒಯ್ಯುವ ಯೋಚನೆಯೇ ಬೇಡ. ಮನೆಯಲ್ಲಿ ಅಜ್ಜಿ ಕಾಲದ ನಾಣ್ಯ ಇದ್ದರೆ ಅದನ್ನು ತೂಗಿ ನೋಡಿ.

ಹೊಸದು ಕೊಳ್ಳುವುದಾದರೆ ಮತ್ತೆ ಇದನ್ನೇ ತರಿಸುತ್ತೇನೆ. ನನ್ನ ಖರ್ಚಿನ ಮಿತಿಗೆ ಇದು ಸರಿ, ದೋಷ ಎಲ್ಲಿದೆ ಅಂತ ಈಗ ಗೊತ್ತಿದೆ. ಬ್ಯಾಟರಿ ಮುಚ್ಚಳ ಮುರಿದಿದೆ, ಟೇಪ್ ಸುತ್ತಿದ್ದೇನೆ. ಮುಚ್ಚಳದೊಳಗಿನ ಚೀಟಿಯಲ್ಲಿ ಮಗಳು ಗ್ರಾಂ ಪಕ್ಕ ಇನ್ನೊಂದು ಸಾಲು ಸೇರಿಸಿದ್ದಾಳೆ, ಅಜ್ಜಿಗೆ ಹೇಳಲು ಗುಲಗಂಜಿ ಲೆಕ್ಕ.