ಅಭ್ಯಂಗ, ಥಾಯ್ ಮಸಾಜ್, ಅಮ್ಮನ ಹರಳೆಣ್ಣೆ: ಬಿಗಿದ ಭುಜಕ್ಕೆ ಮೂರನ್ನೂ ಮಾಡಿಸಿ ನೋಡಿದೆ

ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದು, ರಾತ್ರಿ ಕೂತು ಪೇಪರ್ ತಿದ್ದಿ ನನ್ನ ಬಲ ಭುಜ ಕಲ್ಲಾಗಿತ್ತು. ಜಡೆ ಹಾಕಿಕೊಳ್ಳಲು ಕೈ ಹಿಂದಕ್ಕೆ ಹೋಗುತ್ತಿರಲಿಲ್ಲ. ಮೂಳೆ ಡಾಕ್ಟರು ನೋಡಿ, ಕೀಲು ಚೆನ್ನಾಗಿದೆ, ಸ್ನಾಯು ಬಿಗಿದಿದೆ ಅಷ್ಟೇ ಎಂದರು. ಆ ಧೈರ್ಯದ ಮೇಲೆ ಮೂರು ಬಗೆಯ ಮಾಲೀಶು ಮಾಡಿಸಿಕೊಂಡೆ. ಒಂದೊಂದಕ್ಕೂ ಒಂದೂವರೆ ತಿಂಗಳು ಕೊಟ್ಟೆ.

ಮೊದಲು ಆಯುರ್ವೇದದ ಅಭ್ಯಂಗ. ಮರದ ದ್ರೋಣಿಯ ಮೇಲೆ ಮಲಗಿಸಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು ಒಂದೇ ಲಯದಲ್ಲಿ ನೀವುತ್ತಾರೆ. ತೋಳು, ತೊಡೆಗೆ ಉದ್ದಕ್ಕೆ. ಮೊಣಕೈ, ಮಂಡಿಗೆ ಸುತ್ತಲೂ. ನನಗೆ ಹಚ್ಚಿದ್ದು ಕ್ಷೀರಬಲಾ ತೈಲ. ಬಲಾ ಎಂಬ ಗಿಡದ ಬೇರು, ಹಾಲು ಹಾಕಿ ಎಳ್ಳೆಣ್ಣೆಯಲ್ಲಿ ಕಾಯಿಸುವುದು ಅದು. ಆಮೇಲೆ ತಲೆ ಮಾತ್ರ ಹೊರಗಿರುವ ಪೆಟ್ಟಿಗೆಯಲ್ಲಿ ಕೂರಿಸಿ ಹಬೆ ಕೊಟ್ಟರು. ಅವತ್ತು ರಾತ್ರಿಯ ನಿದ್ದೆ! ಅಂಥ ನಿದ್ದೆ ಮಾಡಿ ಎಷ್ಟೋ ವರ್ಷ ಆಗಿತ್ತು. ಆದರೆ ಭುಜ ಮೂರು ದಿನ ಹಗುರಾಗಿದ್ದು ಮತ್ತೆ ಬಿಗಿಯುತ್ತಿತ್ತು. ಒಂದು ಸಲಕ್ಕೆ 1,800 ರೂಪಾಯಿ, ಜೊತೆಗೆ ಅರ್ಧ ಭಾನುವಾರ.

ಥಾಯ್ ಮಸಾಜ್ ಪೂರ್ತಿ ಬೇರೆ. ಎಣ್ಣೆ ಇಲ್ಲ. ಸಡಿಲ ಬಟ್ಟೆ ಹಾಕಿಕೊಂಡು ನೆಲದ ಹಾಸಿಗೆಯ ಮೇಲೆ ಮಲಗಬೇಕು. ಅವರು ಹೆಬ್ಬೆರಳು, ಮೊಣಕೈ, ಮಂಡಿ ಎಲ್ಲವನ್ನೂ ಬಳಸಿ ಒತ್ತುತ್ತಾರೆ, ಕೈಕಾಲು ಎಳೆದು ಮಡಿಸುತ್ತಾರೆ. ಬ್ಯಾಂಕಾಕಿನ ವಾಟ್ ಪೋ ದೇವಾಲಯದಲ್ಲಿ ಈ ಒತ್ತುವ ಜಾಗಗಳನ್ನೆಲ್ಲ ಕಲ್ಲಿನಲ್ಲಿ ಕೆತ್ತಿಟ್ಟಿದ್ದಾರೆ. 2019ರಲ್ಲಿ ಯುನೆಸ್ಕೋ ಪಟ್ಟಿಗೂ ಈ ವಿದ್ಯೆ ಸೇರಿತು. ನಾನು ಹೋದ ಮೊದಲ ಜಾಗದಲ್ಲಿ ನೋವು ಅಂದರೂ ಕೇಳಲಿಲ್ಲ. ತೋಳು ನಾಲ್ಕು ದಿನ ನೀಲಿಗಟ್ಟಿತ್ತು. ಎರಡನೇ ಕಡೆಯ ಹೆಂಗಸು ಪ್ರತಿ ಒತ್ತಿಗೂ "ಸಾಕಾ, ಇನ್ನೂ ಬೇಕಾ" ಎಂದು ಕೇಳಿದರು. ನಾಲ್ಕನೇ ಸಲಕ್ಕೆ ಕೈ ಜಡೆಯ ತನಕ ಹೋಯಿತು. ಬಿಗಿ ಬಿಡಿಸುವುದರಲ್ಲಿ ಇದಕ್ಕೇ ನನ್ನ ಮೊದಲ ಅಂಕ.

ಹಾಗಿದ್ದರೂ ನಾನು ಉಳಿಸಿಕೊಂಡಿದ್ದು ಮನೆಯ ಎಣ್ಣೆ ಸ್ನಾನವನ್ನು. ಚಿಕ್ಕವರಿದ್ದಾಗ ವಾರವಾರ ಇತ್ತು. ಈಗ ನೀರು ತುಂಬುವ ಹಬ್ಬದ ಮಾರನೇ ಬೆಳಗ್ಗೆ ಶಾಸ್ತ್ರಕ್ಕೆ ಒಂದು ಸಲ, ಅಲ್ವಾ? ಅಮ್ಮ ಹರಳೆಣ್ಣೆ, ಕೊಬ್ಬರಿ ಎಣ್ಣೆ ಸಮ ಸೇರಿಸಿ ಉಗುರುಬೆಚ್ಚಗೆ ಮಾಡುತ್ತಾರೆ. ಬರೀ ಹರಳೆಣ್ಣೆ ತುಂಬ ಮಂದ, ಕೈ ಜಾರುವುದಿಲ್ಲ, ಸೀಗೆಪುಡಿಗೂ ಬೇಗ ಬಿಡುವುದಿಲ್ಲ. ಮೊದಲು ನೆತ್ತಿಗೆ ಒಂದು ಬೊಗಸೆ ಹಾಕಿ ತಟ್ಟುತ್ತಾರೆ. ಆಮೇಲೆ ಕಿವಿಯ ಹಿಂದೆ, ಕೊನೆಗೆ ಅಂಗಾಲು. ಉಳಿದದ್ದು ಮೈಗೆ. ಇದನ್ನು ಆಯುರ್ವೇದದ ವೈದ್ಯರಿಗೆ ಹೇಳಿದಾಗ ಅವರಿಗೆ ಖುಷಿಯಾಯಿತು. ವಾಗ್ಭಟ ಬರೆದ ಹಳೆಯ ಆಯುರ್ವೇದ ಗ್ರಂಥ ಅಷ್ಟಾಂಗ ಹೃದಯ, ಎಣ್ಣೆ ಹಚ್ಚುವಾಗ ಮುಖ್ಯವಾಗಿ ನೋಡಿಕೊಳ್ಳಿ ಎನ್ನುವುದು ಇದೇ ಮೂರನ್ನು: ತಲೆ, ಕಿವಿ, ಪಾದ. ಅಮ್ಮ ಅದನ್ನು ಓದಿದವರಲ್ಲ, ಅವರಮ್ಮ ಹಚ್ಚಿದ ಹಾಗೆ ಹಚ್ಚುತ್ತಾರೆ.

ಎಣ್ಣೆ ಸ್ನಾನ ಭುಜದ ಗಂಟು ಬಿಡಿಸಲಿಲ್ಲ, ನಿಜ. ಆದರೆ ಥಾಯ್ ಮಸಾಜ್ ಬಿಡಿಸಿದ ಗಂಟು ಮತ್ತೆ ಕಟ್ಟಿಕೊಳ್ಳದ ಹಾಗೆ ನೋಡಿಕೊಂಡಿದೆ. ಚಳಿಗಾಲದಲ್ಲಿ ಒಡೆಯುತ್ತಿದ್ದ ಹಿಮ್ಮಡಿಯೂ ಮೆತ್ತಗಾಗಿದೆ. ಐವತ್ತು ರೂಪಾಯಿ ಎಣ್ಣೆ, ಒಂದು ಗಂಟೆ ಸಮಯ. ಪ್ರತಿ ಶುಕ್ರವಾರ ಆಗುತ್ತದೆ ಅನ್ನುವುದೇ ನನಗೆ ದೊಡ್ಡದು. ಪರೀಕ್ಷೆಯ ಪೇಪರ್ ಬರುವ ಮಾರ್ಚಿನಲ್ಲಿ ಮಾತ್ರ ಆ ಥಾಯ್ ಹೆಂಗಸಿನ ಹತ್ತಿರ ಒಂದು ಸಲ ಹೋಗಿ ಬರುತ್ತೇನೆ.

ಒಂದು ವಿಷಯ ಹೇಳಲೇಬೇಕು. ಜ್ವರ ಇದ್ದಾಗ ಯಾವುದೂ ಬೇಡ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಸುಮ್ನೆ ನೀವಿಸಿಕೊಳ್ಳಬೇಡಿ. ರಕ್ತ ಹೆಪ್ಪುಗಟ್ಟಿದ್ದರೆ ಅದು ಕದಲಿ ಶ್ವಾಸಕೋಶಕ್ಕೆ ಹೋಗಬಹುದು. ತಕ್ಷಣ ಡಾಕ್ಟರಿಗೆ ತೋರಿಸಿ.

ಈಗ ಶುಕ್ರವಾರ ಮೊದಲು ನಾನು ಅಮ್ಮನ ಮಂಡಿಗೆ ಹಚ್ಚುತ್ತೇನೆ, ಆಮೇಲೆ ಅವರು ನನ್ನ ಭುಜಕ್ಕೆ. ಬಚ್ಚಲಿಗೆ ಹೋಗುವ ಮುಂಚೆ ಅವರ ಅಂಗಾಲನ್ನು ಹಳೇ ಪಂಚೆಯಲ್ಲಿ ಒತ್ತಿ ಒರೆಸುತ್ತೇನೆ, ಜಾರಬಾರದಲ್ಲ.