ಮಳೆಗಾಲದ ಇನ್ವರ್ಟರ್‌ಗೆ ಎಲ್‌ಎಫ್‌ಪಿಯೋ ಎನ್‌ಎಂಸಿಯೋ?

ಮೂರು ಮಳೆಗಾಲ ಎರಡನ್ನೂ ಬಳಸಿದ ಮೇಲೆ ನಮ್ಮ ಮನೆಯ ಇನ್ವರ್ಟರ್‌ಗೆ ಉಳಿದದ್ದು ಲಿಥಿಯಂ ಕಬ್ಬಿಣ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಬ್ಯಾಟರಿ. ನಾನು ಮೊದಲು ದುಡ್ಡು ಸುರಿದದ್ದು ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಬೆರೆತ ಎನ್‌ಎಂಸಿಗೆ. ಮರುತಿಂಗಳು ತಂಗಿಯ ಮನೆಗೆಂದು ಅಷ್ಟೇ ಸಾಮರ್ಥ್ಯದ ಎಲ್‌ಎಫ್‌ಪಿ ಕೊಂಡೆ. ಅವರು ಬೆಂಗಳೂರಿಗೆ ಹೊರಟಿದ್ದರಿಂದ ಅದೂ ನಮ್ಮಲ್ಲೇ ಉಳಿಯಿತು. ಎರಡನ್ನೂ ಒಂದೇ ಕೋಣೆಯಲ್ಲಿಟ್ಟೆ.

ವಿರಾಜಪೇಟೆಯ ಈ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಸಿಲ್ವರ್ ಓಕ್ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೆ ಎರಡು ಮೂರು ದಿನ ಕತ್ತಲೆ. ಉಳಿದ ತಿಂಗಳುಗಳಲ್ಲಿ ಬ್ಯಾಟರಿ ತುಂಬಿಕೊಂಡು ಸುಮ್ಮನೆ ಕೂತಿರುತ್ತದೆ. ಅಂಗಡಿಯಲ್ಲಿ ಹೇಳುವ ಸಾವಿರಾರು ಸೈಕಲ್‌ಗಳ ಲೆಕ್ಕ ತುಂಬಿಸಿ ಬರಿದು ಮಾಡುವ ಪರೀಕ್ಷೆಯದು. ಕೂತಲ್ಲೇ ಮುಪ್ಪಾಗುವ ಬ್ಯಾಟರಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಎನ್‌ಎಂಸಿ ಸೋತದ್ದು ಇಲ್ಲಿಯೇ. ತುಂಬಿದಾಗ ಅದರ ಒಂದೊಂದು ಸೆಲ್ 4.2 ವೋಲ್ಟ್‌ನಲ್ಲಿರುತ್ತದೆ. ಅಷ್ಟು ಎತ್ತರದಲ್ಲಿ ಧನ ವಿದ್ಯುದ್ವಾರದ ಮೇಲ್ಮೈ ಒಳಗಿನ ದ್ರಾವಣದೊಂದಿಗೆ ನಿಧಾನವಾಗಿ ವರ್ತಿಸುತ್ತಲೇ ಇರುತ್ತದೆ. 80 ಶೇಕಡಾಕ್ಕೆ ನಿಲ್ಲಿಸಿದ್ದರೆ ಹೆಚ್ಚು ಬಾಳುತ್ತಿತ್ತು, ನಿಜ. ಆದರೆ ಕರೆಂಟ್ ಯಾವಾಗ ಹೋಗುತ್ತದೋ ತಿಳಿಯದ ಊರಿನಲ್ಲಿ ಐದನೇ ಒಂದು ಪಾಲನ್ನು ಖಾಲಿ ಬಿಡುವುದು ಹೇಗೆ?

ಪ್ರತಿ ವರ್ಷ ಕಾಫಿ ಗಿಡಗಳಿಗೆ ಬೋರ್ಡೋ ದ್ರಾವಣದ ಸಿಂಪಡಣೆ ಮುಗಿದ ಮೇಲೆ ಎರಡನ್ನೂ ಪೂರ್ತಿ ತುಂಬಿಸಿ, 100 ವಾಟ್ ಬಲ್ಬ್ ಉರಿಸಿ ಗಂಟೆ ಎಣಿಸಿದೆ. ಹೊಸದರಲ್ಲಿ ಎರಡೂ ಹತ್ತು ಗಂಟೆ ಬಂದಿದ್ದವು. ಮೂರನೇ ಮಳೆಗಾಲ ಕಳೆದ ಮೇಲೆ ಎನ್‌ಎಂಸಿ ಏಳೂವರೆಗೆ ಇಳಿಯಿತು, ಎಲ್‌ಎಫ್‌ಪಿ ಒಂಬತ್ತೂವರೆಯಲ್ಲಿ ನಿಂತಿದೆ. ಮೂಲ ಸಾಮರ್ಥ್ಯದ 80 ಶೇಕಡಾಕ್ಕೆ ಇಳಿದರೆ ಆಯುಷ್ಯ ಮುಗಿಯಿತೆಂದು ಸಾಮಾನ್ಯವಾಗಿ ಎಣಿಸುತ್ತಾರೆ.

ಎಲ್‌ಎಫ್‌ಪಿಯ ಒಂದು ಕಾಟ ಮಾತ್ರ ನನ್ನನ್ನು ಬಹಳ ಗೋಳಾಡಿಸಿತು. ಕೊಡಗಿನ ಕಕ್ಕಡ ತಿಂಗಳ ಹದಿನೆಂಟರ ರಾತ್ರಿ, ಮದ್ದುಸೊಪ್ಪಿನ ಪಾಯಸ ಇನ್ನೂ ಒಲೆಯ ಮೇಲಿದ್ದಾಗ, ಮೀಟರ್ 60 ಶೇಕಡಾ ತೋರಿಸುತ್ತಿದ್ದಂತೆಯೇ ಮನೆಯ ದೀಪವೆಲ್ಲ ಆರಿತು. ಬ್ಯಾಟರಿ ಕೆಟ್ಟಿತೆಂದೇ ತಿಳಿದೆ. ಕೆಟ್ಟಿರಲಿಲ್ಲ, ನಿಜಕ್ಕೂ ಬರಿದಾಗಿತ್ತು.

ಎನ್‌ಎಂಸಿ ಖಾಲಿಯಾಗುತ್ತ ಹೋದಂತೆ ವೋಲ್ಟೇಜ್ ಮೆಟ್ಟಿಲಿಳಿದಂತೆ ಇಳಿಯುತ್ತದೆ, ಎಷ್ಟು ಉಳಿದಿದೆಯೆಂದು ಮೀಟರ್ ಸುಲಭವಾಗಿ ಹೇಳುತ್ತದೆ. ಎಲ್‌ಎಫ್‌ಪಿಯಲ್ಲಿ ಮಧ್ಯದ ಬಹುಪಾಲು ವೋಲ್ಟೇಜ್ 3.3ರ ಆಸುಪಾಸಿನಲ್ಲೇ ಗದ್ದೆಬಯಲಿನಂತೆ ಸಮತಟ್ಟು. ಹಾಗಾಗಿ ಮೀಟರ್ ಒಳಬಂದ, ಹೊರಹೋದ ಕರೆಂಟನ್ನು ಕೂಡಿ ಕಳೆಯುತ್ತ ಅಂದಾಜು ಮಾಡುತ್ತದೆ. ಸಣ್ಣ ತಪ್ಪುಗಳು ದಿನದಿನಕ್ಕೂ ಸೇರುತ್ತವೆ, ಪೂರ್ತಿ ತುಂಬಿದಾಗ ಮಾತ್ರ ಸರಿಹೋಗುತ್ತವೆ. ಆ ವಾರ ಕರೆಂಟ್ ಗಂಟೆ ಹೊತ್ತು ಬಂದು ಹೋಗುತ್ತಿತ್ತು, ಒಮ್ಮೆಯೂ ತುಂಬಿರಲಿಲ್ಲ. ಈಗ ಕರೆಂಟ್ ಬಂದ ಕೂಡಲೇ ಚಾರ್ಜರ್‌ಗೇ ಮೊದಲ ಪಾಲು. ತುಂಬದೆ ನಾಲ್ಕು ದಿನ ಕಳೆದರೆ ಮೀಟರ್ ಮಾತು ನಂಬದೆ ಸೀಮೆಎಣ್ಣೆ ದೀಪ ಸಿದ್ಧವಿಡುತ್ತೇವೆ.

ತೂಕ ಎಲ್‌ಎಫ್‌ಪಿಯದೇ ಹೆಚ್ಚು. ಮೂಲೆಯಲ್ಲಿ ಕೂರುವುದಕ್ಕೆ ಅದೇನು ಅಡ್ಡಿಯಲ್ಲ.

ಬೆಂಕಿಯ ಭಯ ಕಡಿಮೆ. ಎಲ್‌ಎಫ್‌ಪಿಯ ಫಾಸ್ಫೇಟ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿಡುತ್ತದೆ, ಬೆಂಕಿಗೆ ಅದು ಸುಲಭವಾಗಿ ಸಿಗುವುದಿಲ್ಲ. 1997ರಲ್ಲಿ ಈ ವಸ್ತುವನ್ನು ಪ್ರಕಟಿಸಿದ ಟೆಕ್ಸಾಸ್ ತಂಡದ ವಿಜ್ಞಾನಿ ಜಾನ್ ಗುಡ್‌ಎನಫ್ ಅವರಿಗೆ ಲಿಥಿಯಂ ಅಯಾನ್ ಬ್ಯಾಟರಿಗಳ ಕೆಲಸಕ್ಕಾಗಿ 2019ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮರದ ಅಟ್ಟದ ಕೆಳಗೆ ಮಲಗುವ ನನಗೆ ಅವರ ಮೇಲೆ ಕೃತಜ್ಞತೆಯಿದೆ.

ವರ್ಷಕ್ಕೊಮ್ಮೆ ಅಳೆಯುವ ತಾಳ್ಮೆ ನನಗಿದೆ, ದಿನವೂ ಎಷ್ಟಕ್ಕೆ ನಿಲ್ಲಿಸಬೇಕೆಂದು ಕಾಯುವ ವ್ಯವಧಾನವಿಲ್ಲ. ಕಾಫಿಯ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಮೂರು ವರ್ಷಕ್ಕೊಂದು ಬ್ಯಾಟರಿ ಅದರಲ್ಲಿ ಹೊಂದುವುದಿಲ್ಲ. ಹಳೆಯ ಎನ್‌ಎಂಸಿಯನ್ನು ಅರ್ಧ ಮಾತ್ರ ತುಂಬಿಸಿ ಕೊಟ್ಟಿಗೆಯ ದೀಪಕ್ಕೆ ಇಟ್ಟಿದ್ದೇನೆ.